ಸಣ್ಣ ಚಕ್ರಗಳ ಸದ್ದು

ಜನವರಿ ೧೩, ಸೋಮವಾರ

ಇವತ್ತೂ ಸಣ್ಣ ಚಕ್ರಗಳೆಲ್ಲ ಸತ್ತೇ ಬಂದವು. ಒಂದೊಂದನ್ನೇ ಕೊಕ್ಕೆಗೆ ನೇತುಹಾಕಿ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಟಣ್ ಅನ್ನಬೇಕಾದದ್ದು ಟಪ್ ಅನ್ನುತ್ತದೆ, ಒದ್ದೆ ಹಲಗೆಗೆ ಹೊಡೆದ ಹಾಗೆ. ಎಲ್ಲದರ ಮೇಲೂ ಸೀಮೆಸುಣ್ಣದಲ್ಲಿ ಇಂಟು ಎಳೆದು ಬುಟ್ಟಿಗೆ ಹಾಕಿದೆ. ಕರಗಿಸುವುದು, ಎರೆಯುವುದು, ತಟ್ಟುವುದು, ಮತ್ತೆ ಕರಗಿಸುವುದು. ಹೊಸ ವರ್ಷ ಹುಟ್ಟಿದಾಗಿನಿಂದ ನಮ್ಮ ಕಾರ್ಖಾನೆಯಲ್ಲಿ ಇದೇ ಆಗಿಹೋಗಿದೆ.

ತಲೆ ಕೆಟ್ಟು ಕೆರ ಹಿಡಿದಿದೆ. ಮನೆಯಲ್ಲಿ ಇವರ ಹತ್ತಿರ ಹೇಳಿಕೊಂಡರೆ ‘ಹ್ಞೂಂ’ ಅನ್ನುವುದಕ್ಕಿಂತ ಹೆಚ್ಚು ಬಾಯಿ ಬಿಡುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಏನೂ ಗೊತ್ತಿಲ್ಲದವಳ ಹಾಗೆ ಮೊದಲಿನಿಂದ ಬರೆದರೆ ಎಲ್ಲಿ ತಪ್ಪಿದೆ ಅಂತ ಹೊಳೆದರೂ ಹೊಳೆಯಬಹುದು.

ನಾವು ಮಾಡುವುದು ಪಂಪಿನ ಹೊಟ್ಟೆಯೊಳಗೆ ಗಿರಗಿರ ತಿರುಗಿ ನೀರನ್ನು ಮೇಲಕ್ಕೆ ತಳ್ಳುವ ಕಂಚಿನ ಚಕ್ರ. ತಾಮ್ರ ಒಂದೇ ಆದರೆ ಮೆದು, ಹೇಳಿದ ಹಾಗೆ ಬಗ್ಗುತ್ತದೆ, ತಟ್ಟಿದರೆ ಮಾತ್ರ ಮೂಗಿ. ತವರ ಇನ್ನೂ ಮೆದು, ಚಾಕುವಿನಿಂದ ಕೆರೆದರೆ ಸುರುಳಿ ಬರುತ್ತದೆ. ತಾಮ್ರಕ್ಕೆ ಹತ್ತರಲ್ಲೊಂದು ಪಾಲು ತವರ ಸೇರಿಸಿ ನೋಡಿ, ಗಟ್ಟಿಯೂ ಆಗುತ್ತದೆ, ದನಿಯೂ ಬರುತ್ತದೆ. ಎರಡು ಮೆದು ಸೇರಿ ಒಂದು ಗಟ್ಟಿ ಹೇಗಾಗುತ್ತದೆ ಅನ್ನುವುದು ಇಷ್ಟು ವರ್ಷವಾದರೂ ನನಗೆ ಸೋಜಿಗವೇ. ಒಂಚೂರು ಸತು ಹಾಕಿದರೆ ಕರಗಿದ ಕಂಚು ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ. ಸೀಸ ಸೇರಿದರೆ ಲೇತಿನವರಿಗೆ ಹಬ್ಬ, ದನಿಗೆ ಕುತ್ತು.

ತಟ್ಟಿದಾಗ ದನಿ ಬರಲಿಲ್ಲ ಅಂದರೆ ಮೂರರಲ್ಲೊಂದು: ಬಿರುಕು ಬಿಟ್ಟಿದೆ, ಒಳಗೆ ಗಾಳಿಗುಳ್ಳೆ ಇದೆ, ಇಲ್ಲವೇ ಸೀಸ ಬೆರೆತಿದೆ. ದೊಡ್ಡ ಚಕ್ರಗಳು ಅದೇ ಮೂಸೆಯಲ್ಲಿ ಕರಗಿದ ಅದೇ ಕಂಚಿನಿಂದ ಬಂದು ಎದೆ ನಡುಗುವ ಹಾಗೆ ಮೊಳಗುತ್ತವೆ. ದೋಣಿಯೊಳಗೆ ನುಗ್ಗಿದ ನೀರು ಹೊರಹಾಕುವ ಪಂಪುಗಳಿಗೆ ಅಂತ ಡಿಸೈನರ್ ಹುಡುಗಿ ಹೊಸದಾಗಿ ಬರೆದ ಅಂಗೈಯಗಲದ ಚಕ್ರಗಳು ಮಾತ್ರ ಸಾಯುತ್ತಿವೆ. ಒಂದೇ ತಾಯಿಯ ಮಕ್ಕಳಲ್ಲಿ ದೊಡ್ಡವರೆಲ್ಲ ಚೆನ್ನಾಗಿದ್ದು ಸಣ್ಣವರೆಲ್ಲ ಮೂಗರಾದರೆ ಏನು ತಿಳಿಯಬೇಕು?

ಏನೂ ಹೊಳೆಯಲಿಲ್ಲ. ಬರೆದು ಕೈ ನೋವು ಬಂತು.

ಜನವರಿ ೧೬, ಗುರುವಾರ

ಕುಲುಮೆ ನೋಡಿಕೊಳ್ಳುವವನು ನನ್ನ ಮೈದುನ, ಇವರ ತಮ್ಮ. ಕೆಲಸಕ್ಕೆ ಸೇರಿಸಿದ್ದೇ ನಾನು. ಒಳ್ಳೆಯ ಕೆಲಸಗಾರ, ಅಷ್ಟೇ ಜಗಳಗಂಟ. ಹಿಂದೆಲ್ಲ ನಾನು ಒಂದು ಚಕ್ರಕ್ಕೆ ಇಂಟು ಎಳೆದರೆ ಆಕಾಶ ಭೂಮಿ ಒಂದು ಮಾಡುತ್ತಿದ್ದ. ಇವತ್ತು ನಾನಾಗಿ ಕುಲುಮೆಯ ಹತ್ತಿರ ಹೋದೆ.

“ಬೆಳಗ್ಗೆ ಎರೆದಿದ್ದೂ ಹೋಯ್ತು ಕಣೋ. ಅಚ್ಚಿನ ಮರಳು ಒದ್ದೆ ಇತ್ತಾ?”

“ಇಲ್ಲ ಅತ್ತಿಗೆ. ಮುಷ್ಟೀಲಿ ಹಿಂಡಿ ನೋಡೇ ಅಚ್ಚು ಕಟ್ಟಿಸಿದ್ದು.”

“ಹಂಗಾದ್ರೆ ಜಾಸ್ತಿ ಹೊತ್ತು ಬೆಂಕಿ ಮೇಲೆ ಬಿಟ್ಟಿದೀಯ. ಕಾದು ಕಾದು ಗಾಳಿ ಕುಡಿದಿದೆ.”

ಅವನು ಬುಟ್ಟಿಯಿಂದ ಒಂದು ಚಕ್ರ ತೆಗೆದು ಬೆರಳಿಗೆ ಸಿಕ್ಕಿಸಿ, ಇಕ್ಕಳದ ತುದಿಯಿಂದ ತಟ್ಟಿದ. ಕುಲುಮೆಯ ಗಾಳಿಯಂತ್ರದ ಗದ್ದಲದಲ್ಲಿ ನನಗೇನು ಕೇಳಿಸೀತು. ಚಕ್ರವನ್ನು ನೋಡಿದ, ನನ್ನನ್ನು ನೋಡಿದ. ಇನ್ನೊಂದು ಸಲ ತಟ್ಟಿ ಮತ್ತೆ ನನ್ನನ್ನೇ ನೋಡಿದ.

“ಸರಿ ಬಿಡಿ, ಮತ್ತೆ ಕರಗಿಸ್ತೀನಿ” ಅಂದ.

ಅಷ್ಟೇ. ಒಂದು ಮಾತು ಎದುರಾಡಲಿಲ್ಲ. ನನಗೆ ಉರಿದದ್ದೇ ಅಲ್ಲಿ. ತಪ್ಪಿಲ್ಲದವನಾದರೆ ಜಗಳವಾಡಬೇಕು. ಏನನ್ನೋ ಮುಚ್ಚಿಡುತ್ತಿದ್ದಾನೆ.

ಜನವರಿ ೧೯, ಭಾನುವಾರ

ಕುಕ್ಕರಿನ ವಿಷಲ್ ಕೆಟ್ಟಿದೆ. ಎಷ್ಟು ಹೊತ್ತಾದರೂ ಕೂಗಲಿಲ್ಲ, ತರಕಾರಿ ತಳ ಹಿಡಿದು ಮನೆತುಂಬ ಹೊಗೆ. ಇವರು ಸ್ನಾನದ ಮನೆಯಿಂದ ಟವೆಲಿನಲ್ಲೇ ಓಡಿಬಂದು, “ಆಗಿಂದ ಬಡ್ಕೋತಾ ಇದೆಯಲ್ಲೇ, ಎಲ್ಲಿದ್ದೆ?” ಅಂತ ರೇಗಿದರು. ನಾನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ನಲ್ಲಿ ಬಿಟ್ಟುಕೊಂಡು ಸ್ನಾನ ಮಾಡುವವರಿಗೆ ಕೂಗಿದ್ದು ಕೇಳಿಸಿತಂತೆ, ಪಕ್ಕದಲ್ಲಿದ್ದ ನನಗೆ ಕೇಳಿಸಲಿಲ್ಲವಂತೆ! ಬೆನ್ನು ಹಿಡಿದು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಇವರ ಕಿವಿಯಲ್ಲಿ ಏನೇನು ಕೂಗುತ್ತದೋ. ಬೆನ್ನು ನೋವು ತಲೆಗೂ ಏರಿರಬೇಕು ಅಂದೆ. ನಕ್ಕರು. ಪಾಪ.

ಕೆಳಗಿನ ಮನೆಯ ವಾರಗಿತ್ತಿ ಮುಖ ಊದಿಸಿಕೊಂಡಿದ್ದಾಳೆ. ಮೆಟ್ಟಿಲಲ್ಲಿ ಎದುರಾದರೆ ತುಟಿಯಲ್ಲೇ ಏನೋ ಅಂದುಕೊಂಡು ಹೋಗುತ್ತಾಳೆ. ಗಂಡನ ಕೆಲಸಕ್ಕೆ ನಾನು ಇಂಟು ಹಾಕುತ್ತಿರುವುದು ಗೊತ್ತಾಗಿರಬೇಕು. ಬೈಯುವುದಾದರೆ ಎದುರಿಗೇ ಗಟ್ಟಿಯಾಗಿ ಬೈಯಲಿ.

ಒಂದು ನೆಮ್ಮದಿ, ಕಿಟಕಿಯ ಹೊರಗೆ ಗೂಡು ಕಟ್ಟಿದ್ದ ಗುಬ್ಬಿಗಳು ಜಾಗ ಖಾಲಿ ಮಾಡಿವೆ. ಬೆಳಗಾಗುವ ಮೊದಲೇ ಕಿತ್ತಾಡಿ ಎಬ್ಬಿಸುತ್ತಿದ್ದವು. ಈಗ ನಿದ್ದೆ ಚೆನ್ನಾಗಿ ಬರುತ್ತಿದೆ.

ಜನವರಿ ೨೨, ಬುಧವಾರ

ಸತ್ತ ಚಕ್ರವೊಂದನ್ನು ಗರಗಸಕ್ಕೆ ಕೊಟ್ಟು ಎರಡು ಹೋಳು ಮಾಡಿಸಿದೆ. ಕೊಯ್ದ ಮುಖವನ್ನು ಉಜ್ಜಿ ಹೊಳಪು ಬರಿಸಿ ಭೂತಗನ್ನಡಿಯಲ್ಲಿ ನೋಡಿದೆ. ಗುಳ್ಳೆ ಇಲ್ಲ, ಬಿರುಕಿಲ್ಲ. ಬೆಣ್ಣೆ ಕೊಯ್ದ ಹಾಗೆ ನಯವಾಗಿ, ಕೆಂಪುಹಳದಿಯಾಗಿ ಮಿನುಗುತ್ತಿದೆ. ಪರೀಕ್ಷೆ ಮಾಡುವ ಲ್ಯಾಬಿಗೆ ಚೂರು ಕಳಿಸಿದ್ದೆ. ತವರ ಸರಿ, ಸತು ಸರಿ, ಸೀಸ ಇಲ್ಲವೇ ಇಲ್ಲ ಅಂದರು. ಕೊಯ್ಯದ ಇನ್ನೊಂದು ಚಕ್ರಕ್ಕೆ ನೀರು ತುಂಬಿ ಒತ್ತಡ ಕೊಟ್ಟು ನೋಡಿದೆ, ಒಂದು ಹನಿ ಜಿನುಗಲಿಲ್ಲ.

ಹಾಗಾದರೆ ಸತ್ತದ್ದು ಯಾಕೆ ಸತ್ತಿದೆ? ಎಲ್ಲ ಸರಿ ಇದ್ದೂ ದನಿ ಇಲ್ಲದ ಕಂಚನ್ನು ನಾನು ಈವರೆಗೆ ಕಂಡಿಲ್ಲ. ಕಣ್ಣು ಹೇಳುವುದು ಒಂದು, ಕಿವಿ ಹೇಳುವುದು ಇನ್ನೊಂದು. ಕಣ್ಣಿಗೆ ಮೋಸ ಮಾಡುವ ಎರಕ ಎಷ್ಟೋ ನೋಡಿದ್ದೇನೆ. ಹೊರಗೆ ಚಿನ್ನದ ಹಾಗೆ ಹೊಳೆದು ಒಳಗೆ ಜೇನುಗೂಡು. ಅಂಥವನ್ನೆಲ್ಲ ಹಿಡಿದುಕೊಟ್ಟದ್ದು ಕಿವಿಯೇ. ಈ ಹೋಳು ಚೆನ್ನಾಗಿದ್ದರೆ ಅದರ ಅದೃಷ್ಟ. ಮಿಕ್ಕವುಗಳ ಮೇಲಿನ ಇಂಟು ಅಳಿಸಲಿಲ್ಲ.

ಜನವರಿ ೨೫, ಶನಿವಾರ

ಡಿಸೈನರ್ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಒಳ್ಳೆಯವಳೇ, ಆದರೆ ಮಾತಿನ ತುದಿಗಳನ್ನೆಲ್ಲ ನುಂಗಿಬಿಡುತ್ತಾಳೆ. ಈಗಿನ ಹುಡುಗಿಯರೆಲ್ಲ ಹಾಗೆಯೇ. ಮುಖ ನೋಡಿಕೊಂಡು ಕೇಳಿದರೆ ಅರ್ಧ ತಿಳಿಯುತ್ತದೆ, ಮಿಕ್ಕರ್ಧ ಊಹೆ.

“ರೆಕ್ಕೆ ತೀರಾ ತೆಳು ಮಾಡಿಬಿಟ್ಟೆ ಅನ್ಸುತ್ತೆ ಆಂಟಿ. ಎರಡು ಸಲ ದಪ್ಪ ಮಾಡಿದೆ. ಆದ್ರೂ ನೀವು ಬೇಡ ಅಂತೀರ. ಇದನ್ನ ಅಲ್ಯೂಮಿನಿಯಂನಲ್ಲೇ ಮಾಡಿಬಿಡೋಣ್ವಾ?”

ಆಂಟಿಯಂತೆ. “ಪಂಪಿನ ಮೈ ಯಾವುದರದ್ದು?” ಅಂತ ಕೇಳಿದೆ.

“ಕಂಚು.”

“ಓಡೋದು ಯಾವ ನೀರಲ್ಲಿ?”

“ಉಪ್ಪುನೀರು” ಅಂದವಳೇ ತಾನೇ ನಾಲಗೆ ಕಚ್ಚಿಕೊಂಡಳು. ಅವಳಿಗೆ ಗೊತ್ತಿರುವುದೇ. ಅಲ್ಯೂಮಿನಿಯಂ ಹೂವಿನಷ್ಟು ಹಗುರ, ಕುಲುಮೆಗೂ ಕಷ್ಟ ಕೊಡುವುದಿಲ್ಲ, ಒಂಟಿಯಾಗಿದ್ದರೆ ತನ್ನ ಮೇಲೆ ತಾನೇ ತೆಳುಪದರ ಹೊದ್ದುಕೊಂಡು ಸುಖವಾಗಿರುತ್ತದೆ. ಅದನ್ನೇ ಉಪ್ಪುನೀರಿನಲ್ಲಿ ಕಂಚಿನ ಪಕ್ಕ ಕೂರಿಸಿದರೆ ಕಂಚಿನ ಕೂದಲೂ ಕೊಂಕದು, ಅಲ್ಯೂಮಿನಿಯಂ ಮಾತ್ರ ಗೆದ್ದಲು ಹಿಡಿದಂತೆ ಕರಗಿಹೋಗುತ್ತದೆ. ದೋಣಿಯೊಳಗೆ ನೀರು ನುಗ್ಗಿದಾಗ ಚಕ್ರ ಪುಡಿಯಾಗಿದ್ದರೆ ಯಾರು ದಿಕ್ಕು?

“ಹಂಗಾದ್ರೆ ತಪ್ಪು ಎಲ್ಲಿದೆ ಆಂಟಿ?” ಅವಳ ಕಣ್ಣಲ್ಲಿ ನೀರು ತುಂಬಿತ್ತು. ಕೆಲಸಕ್ಕೆ ಸೇರಿದ ಮೇಲೆ ಇದು ಅವಳ ಮೊದಲ ಚಕ್ರ. “ನೀವು ತಟ್ಟೋವಾಗ ಒಂದು ಸಲ ನಾನೂ ಒಳಗೆ ಬರ್ಲಾ?” ಅಂದಳು.

ಆಗುವುದಿಲ್ಲ ಅಂದೆ. ನಾನು ತಟ್ಟುವ ಕೋಣೆಗೆ ಯಾರೂ ಬರಬಾರದು. ಬಾಗಿಲು ಹಾಕಿ, ಫ್ಯಾನ್ ಆರಿಸಿ, ಉಸಿರು ಹಿಡಿದು ಕೇಳಬೇಕು. ಕಾರ್ಖಾನೆಯ ಯಜಮಾನರು ಕೂಡ ಹೊರಗೇ ನಿಲ್ಲುತ್ತಾರೆ. ಹುಡುಗರು ಬೆನ್ನ ಹಿಂದೆ ನನ್ನನ್ನು ಟಣ್ಣಮ್ಮ ಅಂತ ಕರೆಯುವುದು ಸುಮ್ಮನೆ ಅಲ್ಲ.

ಜನವರಿ ೨೮, ಮಂಗಳವಾರ

ಯಜಮಾನರು ಕರೆಸಿದ್ದರು. ದೋಣಿಯವರು ಕಾದು ಕಾದು ಬೇರೆ ಕಡೆ ಹೋಗುವ ಮಾತಾಡುತ್ತಿದ್ದಾರಂತೆ.

“ಅಚ್ಚು ಸರಿ ಇದೆ ಅಂತೀರಿ. ಲ್ಯಾಬಿನವರು ಲೋಹ ಸರಿ ಇದೆ ಅಂತಾರೆ. ಇನ್ನು ಉಳಿದಿದ್ದು ಕುಲುಮೆ. ನೀವೇ ಹೇಳಿ, ಅವನ ಕೈಯಲ್ಲಿ ತಪ್ಪಿದೆಯಾ?”

ನನ್ನ ಮೈದುನ. ಇವರ ತಮ್ಮ. ಕೆಳಗಿನ ಮನೆ. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಅವನ ಕೈ ಮೊದಲಿನ ಹಾಗಿಲ್ಲ” ಅಂದೆ.

ಯಜಮಾನರು ತಲೆಯಾಡಿಸಿದರು. ಸೋಮವಾರದಿಂದ ಕುಲುಮೆಗೆ ಹೊಸಬನೊಬ್ಬ ಬರುತ್ತಾನೆ. ಶನಿವಾರವೇ ಮೈದುನನ ಕೊನೆಯ ಎರಕ.

ನಾನು ನಿಜವನ್ನೇ ಹೇಳಿದ್ದೇನೆ. ಹಾಗಿದ್ದೂ ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಬಾಗಿಲ ಕಡೆ ನೋಡದೆ ಬಂದೆ.

ಜನವರಿ ೩೦, ಗುರುವಾರ

ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಇವರು ಟಿವಿಯ ಶಬ್ದ ಜಾಸ್ತಿ ಅಂತ ಎದ್ದು ಹೊರಗೆ ಹೋದರು. ನೆಪ.

ಫೆಬ್ರವರಿ ೧, ಶನಿವಾರ

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಮೈದುನ ಕೊನೆಯ ಬುಟ್ಟಿ ತಂದು ಕೋಣೆಯ ಬಾಗಿಲಲ್ಲಿಟ್ಟು ಹೋದ. ನಾನು ಕದ ಮುಚ್ಚುವಷ್ಟರಲ್ಲಿ ಆ ಹುಡುಗಿ ಸೊಂಯ್ ಅಂತ ಒಳಗೆ ನುಗ್ಗಿದಳು. “ಆಚೆ ಹೋಗು” ಅಂದೆ. ಗೋಡೆಗೆ ಒರಗಿ ನಿಂತಳೇ ಹೊರತು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಳಲು ಸಿದ್ಧವಾಗಿದ್ದ ಮುಖ. ಹಾಳಾಗಿ ಹೋಗಲಿ, ನಿಂತುಕೋ, ಉಸಿರು ಬಿಡಬೇಡ ಅಂದೆ.

ಮೊದಲನೆಯ ಚಕ್ರವನ್ನು ತಟ್ಟಿದೆ. ಟಪ್. ಸೀಮೆಸುಣ್ಣ ಎತ್ತಿಕೊಂಡು ತಿರುಗಿದರೆ ಹುಡುಗಿಯ ಮುಖ ಅರಳಿಬಿಟ್ಟಿದೆ. “ಅಬ್ಬಾ, ಎಷ್ಟು ಚೆನ್ನಾಗಿದೆ!” ಅಂದಳು. ಅವಳು ಅಷ್ಟು ಬಿಡಿಸಿ ಮಾತಾಡಿದ್ದು ಅದೇ ಮೊದಲು.

ನಾನು ಇಂಟು ಎಳೆದೆ.

ಅವಳ ನಗು ಅಲ್ಲೇ ನಿಂತಿತು. “ಯಾಕೆ?”

“ದನಿ ಇಲ್ಲ.”

“ಇನ್ನೂ ಬರ್ತಾ ಇದೆಯಲ್ಲ” ಅಂದಳು, ಚಕ್ರದ ಕಡೆ ಕೈ ತೋರಿಸಿ.

ಕೋಣೆಯಲ್ಲಿ ಏನೂ ಇರಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ, ಏನೇನೂ ಇರಲಿಲ್ಲ. ತಮಾಷೆ ಮಾಡುತ್ತಿದ್ದಾಳೆ ಅಂತ ಕೋಪ ಬಂತು. ಅವಳು ಮಾತ್ರ ಒಂದು ನಿಮಿಷ ನನ್ನನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಾ ನಿಂತಳು. ಆಮೇಲೆ ಹತ್ತಿರ ಬಂದು ನನ್ನ ಎಡಗೈ ಹಿಡಿದು, ಬೆರಳ ತುದಿಯನ್ನು ಚಕ್ರದ ಅಂಚಿಗೆ ಮುಟ್ಟಿಯೂ ಮುಟ್ಟದ ಹಾಗೆ ಇಟ್ಟಳು. ತಾನೇ ಸುತ್ತಿಗೆ ತೆಗೆದುಕೊಂಡು ತಟ್ಟಿದಳು.

ಬೆರಳ ತುದಿಯಲ್ಲಿ ಜುಂ ಅಂತ ಇರುವೆ ಹರಿದ ಹಾಗಾಯಿತು. ಕೈ ಕೊಸರಿದೆ. ಮತ್ತೆ ಇಟ್ಟೆ. ಹರಿಯುತ್ತಲೇ ಇತ್ತು, ಮೆಲ್ಲಗೆ ಕಮ್ಮಿಯಾಗುತ್ತಾ, ಎಷ್ಟೋ ಹೊತ್ತು. ಲೋಹ ನಡುಗುತ್ತಿದೆ. ಸತ್ತ ಲೋಹ ನಡುಗುವುದಿಲ್ಲ. ಬೆರಳಿಗೆ ಬರುತ್ತಿದೆ, ಕಿವಿಗೆ ಬರುತ್ತಿಲ್ಲ.

“ಇದರ ದನಿ ತುಂಬಾ ಕೀರಲು ಆಂಟಿ” ಅಂದಳು, ಈ ಸಲ ಎದುರಿಗೇ ನಿಂತು, ಒಂದೊಂದೇ ಮಾತು ಬಿಡಿಸಿ. “ಚಕ್ರ ಸಣ್ಣದಾದಷ್ಟೂ ದನಿ ಮೇಲೆ ಹೋಗುತ್ತೆ. ಅಷ್ಟು ಮೇಲಿನದು ನಿಮಗೆ...” ಅಲ್ಲಿಗೆ ನಿಲ್ಲಿಸಿದಳು.

ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಬುಟ್ಟಿಯಲ್ಲಿದ್ದ ಒಂದೊಂದನ್ನೂ ತಟ್ಟಿದೆ, ಒಂದೊಂದನ್ನೂ ಮುಟ್ಟಿದೆ. ಎಲ್ಲ ಬದುಕಿದ್ದವು. ಕಿವಿಯಲ್ಲಿ ಮಾತ್ರ ಟಪ್, ಟಪ್, ಟಪ್. ಇದು ಹೇಗೆ ಸಾಧ್ಯ? ನನಗೆ ಎಲ್ಲ ಕೇಳಿಸುತ್ತದೆ. ಇವರ ಮಾತು ಕೇಳಿಸುತ್ತದೆ, ಗಾಳಿಯಂತ್ರ ಕೇಳಿಸುತ್ತದೆ, ದೊಡ್ಡ ಚಕ್ರ ಎದೆಗೇ ಕೇಳಿಸುತ್ತದೆ. ಹುಡುಗಿಗೆ ಏನೋ ಭ್ರಮೆ. ಆದರೆ ಬೆರಳಿಗೂ ಭ್ರಮೆಯೇ?

ಫೆಬ್ರವರಿ ೨, ಭಾನುವಾರ

ಬೆಳಗ್ಗೆ ಚಹಾ ಕುಡಿಯುತ್ತಾ ಇವರನ್ನು ಕೇಳಿದೆ, “ಗುಬ್ಬಿಗಳು ಹೋಗಿ ಎಷ್ಟು ದಿನ ಆಯ್ತು?”

“ಎಲ್ಲಿಗೆ ಹೋದ್ವು? ಬೆಳಗ್ಗಿಂದ ಕಿತ್ತಾಡ್ತಾ ಇವೆಯಲ್ಲ, ಕಿವಿ ತೂತು ಬೀಳೋ ಹಾಗೆ.”

ಎದ್ದು ಕಿಟಕಿಗೆ ಹೋದೆ. ಎರಡು ಗುಬ್ಬಿಗಳು ಸರಳಿನ ಮೇಲೆ ಎದುರುಬದುರು ಕೂತು ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ತೆರೆಯುತ್ತಿದ್ದವು. ಒಂದು ಚೂರು ಸದ್ದಿಲ್ಲ. ಕಿಟಕಿಯ ಕಟ್ಟೆ ಹಿಡಿದು ನಿಂತುಕೊಂಡೆ. ಹೆದರಿಕೆಯಾಯಿತು. ಜೀವಮಾನದಲ್ಲಿ ಅಷ್ಟು ಹೆದರಿದ ನೆನಪಿಲ್ಲ.

ಕೆಳಗಿನ ಮನೆಗೆ ಇಳಿದೆ. ವಾರಗಿತ್ತಿ ಬಾಗಿಲು ತೆರೆದು ಏನೋ ಅಂದಳು. ಅವಳ ತುಟಿಗಳನ್ನೇ ನೋಡಿದೆ. “ಬನ್ನಿ ಅಕ್ಕಾ, ಒಳಗೆ ಬನ್ನಿ” ಅನ್ನುತ್ತಿದ್ದಳು. ಅವಳು ಬೈಯುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ, ಮೆಟ್ಟಿಲಲ್ಲಿ ದಿನವೂ ಇದನ್ನೇ ಅಂದಿರಬೇಕು.

ಮೈದುನ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಬೇರೆ ಊರಿನಲ್ಲಿ ಹಿತ್ತಾಳೆ ನಲ್ಲಿ ಎರೆಯುವ ಕಡೆ ವಿಚಾರಿಸಿದ್ದಾನಂತೆ.

“ನಿನಗೆ ಗೊತ್ತಿತ್ತಾ?” ಅಂದೆ.

ಏನು ಅಂತ ಅವನು ಕೇಳಲಿಲ್ಲ. ಬಟ್ಟೆ ಮಡಿಸುತ್ತಲೇ ತಲೆಯಾಡಿಸಿದ.

“ಯಾವಾಗಿಂದ?”

“ಆವತ್ತು ಕುಲುಮೆ ಹತ್ರ ಇಕ್ಕಳದಲ್ಲಿ ತಟ್ಟಿದ್ನಲ್ಲ. ಆ ಗದ್ದಲದಲ್ಲೂ ಅದು ಕಿವಿಗೆ ಚುಚ್ಚೋ ಹಂಗೆ ಕೂಗ್ತು. ನಿಮ್ಮ ಮುಖದಲ್ಲಿ ಏನೂ ಇರ್ಲಿಲ್ಲ.”

“ಬಾಯಿ ಬಿಟ್ಟು ಹೇಳೋದಕ್ಕೇನಾಗಿತ್ತೋ ನಿನಗೆ?”

“ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು ಅತ್ತಿಗೆ. ಅಣ್ಣ ಮನೇಲಿದಾನೆ. ಕೇಳೋ ಕೆಲಸದವರಿಗೆ ಕೇಳದೆ ಹೋದ್ರೆ ಯಾರು ಇಟ್ಕೋತಾರೆ? ನನಗೇನು, ಬೆಂಕಿ ಇರೋ ಕಡೆ ಎಲ್ಲಾದ್ರೂ ಅನ್ನ ಇದೆ.”

ನಾನು ಅವನ ಕೈಯಿಂದ ಚೀಲ ಕಿತ್ತು ಮೂಲೆಗೆ ಎಸೆದೆ. ದೊಡ್ಡ ತ್ಯಾಗಮೂರ್ತಿ ಬಂದ, ನಿನ್ನ ಭಿಕ್ಷೆ ಯಾರಿಗೆ ಬೇಕು ಅಂತ ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಾ ಬೈಯುತ್ತಾ ಅಳು ಬಂತು. ಒಳ್ಳೊಳ್ಳೆಯ ಚಕ್ರಗಳನ್ನು ಇವನು ದಿನವೂ ಬಾಯಿ ಮುಚ್ಚಿಕೊಂಡು ಮತ್ತೆ ಮೂಸೆಗೆ ಹಾಕಿದ್ದಾನೆ. ನಾನು ಇವನ ಕೈ ಕೆಟ್ಟಿದೆ ಅಂದಿದ್ದೇನೆ.

ವಾರಗಿತ್ತಿ ಬೆನ್ನು ಸವರುತ್ತಾ ಏನೋ ಹೇಳುತ್ತಿದ್ದಳು. ಕಣ್ಣು ಒರೆಸಿಕೊಳ್ಳುತ್ತಿದ್ದೆ, ತುಟಿ ಕಾಣಿಸಲಿಲ್ಲ. ಏನು ಹೇಳಿದಳೋ ಗೊತ್ತಿಲ್ಲ.

ಫೆಬ್ರವರಿ ೩, ಸೋಮವಾರ

ಹೊಸಬ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದ, ಕಾಲ ಬಳಿ ಊಟದ ಡಬ್ಬಿ ಇಟ್ಟುಕೊಂಡು. ಜೊತೆಗೆ ಎಳೆದುಕೊಂಡು ಬಂದಿದ್ದ ಮೈದುನನನ್ನು ಹೊರಗೇ ನಿಲ್ಲಿಸಿ, ಹೊಸಬನನ್ನು ದಾಟಿ ಯಜಮಾನರ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಹೊರಗೆ ಡಿಸೈನರ್ ಹುಡುಗಿ, ಅಚ್ಚು ಕಟ್ಟುವವರು, ಲೇತಿನವರು, ಎಲ್ಲರೂ ಕಾಣುತ್ತಿದ್ದರು. ಮುಚ್ಚೋಣ ಅನ್ನಿಸಿತು, ಮುಚ್ಚಲಿಲ್ಲ.

“ಯಜಮಾನರೇ, ಸಣ್ಣ ಚಕ್ರಗಳು ಸರಿ ಇವೆ. ಮೊದಲನೇ ದಿನದಿಂದಾನೂ ಸರಿ ಇದ್ವು. ನನ್ನ ಮೈದುನನ ಕೈಯಲ್ಲಿ ತಪ್ಪಿಲ್ಲ, ಆ ಹುಡುಗಿ ಡಿಸೈನಲ್ಲೂ ತಪ್ಪಿಲ್ಲ. ನನಗೆ ಕೇಳಿಸ್ತಾ ಇಲ್ಲ.”

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ತಲೆ ತಗ್ಗಿಸಿಕೊಂಡೇ ಏನೋ ಹೇಳಿದರು. ಹೊರಗೆ ಲೇತು ಶುರುವಾಗಿತ್ತು, ಮಾತು ಅದರಲ್ಲಿ ಕಲಸಿಹೋಯಿತು. ನನ್ನ ಕತ್ತು ತಾನಾಗಿಯೇ ‘ಆಗಲಿ’ ಅಂತ ಆಡಲು ಹೊರಟಿತ್ತು. ಎಷ್ಟು ದಿನದಿಂದ ಎಷ್ಟು ಜನರಿಗೆ ಹೀಗೆ ಕೇಳದೆಯೇ ತಲೆಯಾಡಿಸಿದ್ದೇನೋ.

“ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಿ” ಅಂದೆ.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು.

“ನಿಮ್ಮ ಮೈದುನನಿಗೆ ಕುಲುಮೆಗೆ ಹೋಗೋದಕ್ಕೆ ಹೇಳಿ ಅಂದೆ” ಅಂದರು, ನಿಧಾನವಾಗಿ, ಗಟ್ಟಿಯಾಗಿ. “ನಿಮ್ಮನ್ನ ಏನು ಮಾಡಲಿ ಅಂತ ಕೇಳಿದೆ.”

ಈ ಸಲ ಪೂರ್ತಿ ಕೇಳಿಸಿತು. ಗೊತ್ತಿಲ್ಲ ಅಂದೆ. ಆಮೇಲೆ ಹೊರಗೆ ಬಂದು ಮೈದುನನಿಗೆ ಕುಲುಮೆ ಹಚ್ಚು ಅಂತ ಹೇಳಿದೆ.